ಪ್ಯಾಸಿವ್ ಸರ್ವೆ ಮಾಡೋದು ಹೇಗೆ: ನೆಲದ ಸದ್ದು ಕೇಳಿಸ್ಕೊಂಡು ಎಣ್ಣೆ ಇರೋ ಜಾಗ ಅಂದಾಜು ಮಾಡೋ ಕೆಲಸ

ಡೈನಮೈಟ್ ಸಿಡಿಸದೆ, ನೆಲ ನಡುಗಿಸೋ ವೈಬ್ರೇಟರ್ ಲಾರಿ ತರದೆ ಭೂಮಿ ಒಳಗೆ ಹೆಂಗಿದೆ ಅಂತ ತಿಳ್ಕೊಳ್ಳೋಕೆ ಆಗುತ್ತೆ. ಸಮುದ್ರದ ಅಲೆ, ದೂರದ ಭೂಕಂಪ, ಹೈವೇ ಮೇಲಿನ ಲಾರಿ, ಗಾಳಿಗೆ ತೂಗೋ ಮರ, ಇವೆಲ್ಲ ಹಗಲು ರಾತ್ರಿ ನೆಲನ ಸಣ್ಣಗೆ ಅಲ್ಲಾಡಿಸ್ತಾನೇ ಇರ್ತವೆ, ನಾವು ಸೆನ್ಸರ್ ಹೂತಿಟ್ಟು ಅದನ್ನ ರೆಕಾರ್ಡ್ ಮಾಡ್ಕೊಂಡು ಆಮೇಲೆ ಕೂತು ಲೆಕ್ಕ ಹಾಕ್ಬೇಕು. ಇದಕ್ಕೇ ಪ್ಯಾಸಿವ್ ಸರ್ವೆ ಅನ್ನೋದು. ಜಿಯೋಫಿಸಿಕ್ಸ್ ಎಂಎಸ್ಸಿ ಮುಗಿಸಿ ಮೊದಲ ಸಲ ಫೀಲ್ಡ್ ಪಾರ್ಟಿಗೆ ಹೋಗ್ತಿರೋರಿಗೆ ಅಂತ ಇದನ್ನ ಬರೀತಿದೀನಿ, ಯಾಕಂದ್ರೆ ಪುಸ್ತಕದಲ್ಲಿ ಥಿಯರಿ ಚೆನ್ನಾಗೇ ಸಿಗುತ್ತೆ ಆದ್ರೆ ಗುಂಡಿ ಎಷ್ಟು ಆಳ ತೆಗೀಬೇಕು ಅಂತ ಯಾರೂ ಬರೆದಿರಲ್ಲ.

ಮೊದಲು ಒಂದು ವಿಷಯ ತಲೇಲಿ ಗಟ್ಟಿ ಮಾಡ್ಕೊಳಿ. ಎಣ್ಣೆ ನೆಲದಡಿ ಕೆರೆ ತರ ನಿಂತಿರಲ್ಲ. ಮರಳುಗಲ್ಲು, ಸುಣ್ಣದ ಕಲ್ಲಿನ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಲ್ಲಿ ಒದ್ದೆ ಇಟ್ಟಿಗೆಯಲ್ಲಿ ನೀರಿದ್ದ ಹಾಗೆ ಇರುತ್ತೆ, ನೀರಿಗಿಂತ ಹಗುರ ಆಗಿರೋದ್ರಿಂದ ಮೇಲೆ ಮೇಲೆ ಜರುಗ್ತಾ ಬಂದು ಎಲ್ಲೋ ಒಂದು ಕಡೆ ಗಟ್ಟಿ ಪದರದ ಕೆಳಗೆ ಸಿಕ್ಕಾಕೊಂಡು ನಿಲ್ಲುತ್ತೆ. ಅದಕ್ಕೇ ನಮ್ಮ ಸೆನ್ಸರ್ ಎಣ್ಣೆನ ನೇರವಾಗಿ ತೋರ್ಸಲ್ಲ. ಬಂಡೆ ಹೆಂಗೆ ಬಾಗಿದೆ, ಎಲ್ಲಿ ಮುರಿದಿದೆ, ಎಲ್ಲಿ ಮೆದು ಎಲ್ಲಿ ಗಟ್ಟಿ ಅಂತ ತೋರ್ಸುತ್ತೆ, ಮತ್ತೆ ಎಣ್ಣೆ ತೆಗೀತಾ ಹೋದ ಹಾಗೆ ಆ ಬಂಡೆಯಲ್ಲಿ ಏನು ಬದಲಾಯ್ತು ಅಂತ ತೋರ್ಸುತ್ತೆ. ಕ್ಲೈಂಟ್ ಎದುರು ಕೂತಾಗ ಇದಕ್ಕಿಂತ ಒಂದು ಅಕ್ಷರ ಜಾಸ್ತಿ ಮಾತು ಕೊಡ್ಬೇಡಿ.

ಯಾವ ಕೆಲಸಕ್ಕೆ ಯಾವ ವಿಧಾನ

ಹಳೇದು ಅಂದ್ರೆ ಗ್ರಾವಿಟಿ, ಜಾಗದಿಂದ ಜಾಗಕ್ಕೆ ಗುರುತ್ವ ಎಷ್ಟು ಬದಲಾಗುತ್ತೆ ಅಂತ ಅಳೆಯೋದು. ಹಂಗೇರಿಯ ಲೋರಾಂಡ್ ಎಟ್ವಾಶ್ ಕಂಡುಹಿಡಿದ ಟಾರ್ಷನ್ ಬ್ಯಾಲೆನ್ಸ್ ಇಟ್ಕೊಂಡು 1924ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನ್ಯಾಶ್ ಡೋಮ್ ಹುಡುಕಿದ್ರು, ಉಪ್ಪಿನ ಗುಡ್ಡ ನೆಲದಡಿ ಇದ್ರೆ ಅದು ಸುತ್ತಲಿನ ಕಲ್ಲಿಗಿಂತ ಹಗುರ, ಅಲ್ಲಿ ಗುರುತ್ವ ಒಂಚೂರು ವ್ಯತ್ಯಾಸ ತೋರ್ಸುತ್ತೆ, ಉಪ್ಪಿನ ಪಕ್ಕದಲ್ಲಿ ಎಣ್ಣೆ ಸಿಕ್ಕಾಕೊಂಡಿರೋ ಸಾಧ್ಯತೆ ಜಾಸ್ತಿ. ದೊಡ್ಡ ಪ್ರದೇಶದಲ್ಲಿ ಬೇಸಿನ್ (ಮಣ್ಣು ಮರಳು ತುಂಬಿ ಕಲ್ಲಾದ ತಗ್ಗು) ಎಲ್ಲಿ ಆಳ ಇದೆ ಅಂತ ನೋಡೋಕೆ ಇವತ್ತಿಗೂ ಮೊದಲು ಗ್ರಾವಿಟಿ, ಮ್ಯಾಗ್ನೆಟಿಕ್ ಮಾಡೋದೇ ಸರಿ, ಖರ್ಚೂ ಕಮ್ಮಿ.

ಇನ್ನೊಂದು ಮ್ಯಾಗ್ನೆಟೋಟೆಲ್ಯೂರಿಕ್, ಎಲ್ಲರೂ ಎಂಟಿ ಅಂತಾರೆ. ಸೂರ್ಯನ ಕಡೆಯಿಂದ ಬರೋ ಕಣಗಳು, ಎಲ್ಲೋ ದೂರದ ಸಿಡಿಲು, ಇವು ನೆಲದಲ್ಲಿ ಹುಟ್ಟಿಸೋ ಸಣ್ಣ ವಿದ್ಯುತ್ ಅಳೆಯೋದು. ಇದು ನಮ್ಮ ಕಡೆಗೆ ತುಂಬಾ ಹತ್ರದ ವಿಷಯ, ಯಾಕಂದ್ರೆ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯಿಂದ ಹಿಡಿದು ಮಹಾರಾಷ್ಟ್ರ, ಗುಜರಾತ್ ತನಕ ಹರಡಿರೋ ಡೆಕ್ಕನ್ ಟ್ರ್ಯಾಪ್ ಕಪ್ಪು ಕಲ್ಲು ಇದ್ಯಲ್ಲ, ಅದರ ಕೆಳಗೆ ಏನಿದೆ ಅಂತ ಡೈನಮೈಟ್, ವೈಬ್ರೇಟರ್ ಬಳಸೋ ಮಾಮೂಲಿ ಸೀಸ್ಮಿಕ್‌ನಲ್ಲಿ ನೋಡೋದು ಬಲು ಕಷ್ಟ, ಪದರ ಪದರವಾಗಿ ಹರಿದ ಲಾವಾ ಸಿಗ್ನಲ್‌ನ ಚೆಲ್ಲಾಪಿಲ್ಲಿ ಮಾಡಿಬಿಡುತ್ತೆ. ಬಸಾಲ್ಟ್ ಅಂದ್ರೆ ಈ ಕಪ್ಪು ಕಲ್ಲಲ್ಲಿ ಕರೆಂಟ್ ಸುಲಭಕ್ಕೆ ಹರಿಯಲ್ಲ, ಕೆಳಗಿನ ಜಲಜ ಶಿಲೆಯಲ್ಲಿ (ಕೆಸರು ಮರಳು ಪದರವಾಗಿ ಕೂತು ಆದ ಕಲ್ಲು) ಚೆನ್ನಾಗಿ ಹರಿಯುತ್ತೆ, ಆ ವ್ಯತ್ಯಾಸ ಎಂಟಿಗೆ ಗೊತ್ತಾಗುತ್ತೆ. ಸೌರಾಷ್ಟ್ರದಲ್ಲಿ ಟ್ರ್ಯಾಪ್ ಕೆಳಗಿನ ಮೀಸೋಜೋಯಿಕ್ ಅಂದ್ರೆ ಡೈನೋಸಾರ್ ಕಾಲದ ಪದರಗಳನ್ನ ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐನವರು ಈ ತರ ಬೇರೆ ವಿಧಾನಗಳ ಜೊತೆ ಸೇರಿಸಿ ನೋಡಿದ್ದಾರೆ. ಹಾಗಂತ ಬೀದರ್ ಕೆಳಗೆ ಎಣ್ಣೆ ಇದೆ ಅಂತ ಅರ್ಥ ಅಲ್ಲ, ಕೆಳಗೆ ಜಲಜ ಶಿಲೆ ದಪ್ಪಗೆ ಇದ್ರೆ ಮಾತ್ರ ಮುಂದಿನ ಮಾತು.

ಉಳಿದಿದ್ದು ಪ್ಯಾಸಿವ್ ಸೀಸ್ಮಿಕ್, ನಾನು ಜಾಸ್ತಿ ಮಾಡಿರೋದು ಇದೇ, ಈ ಗೈಡ್ ಕೂಡ ಮುಖ್ಯವಾಗಿ ಇದರ ಬಗ್ಗೆನೇ. ಇದರಲ್ಲಿ ಎರಡು ದಾರಿ. ಸುತ್ತಲಿನ ಗದ್ದಲನೇ ಬಳಸ್ಕೊಂಡು ನೆಲದ ಒಳಗಿನ ಚಿತ್ರ ತೆಗೆಯೋದು ಒಂದು, ಅದು ಆಂಬಿಯಂಟ್ ನಾಯ್ಸ್. ಬಂಡೆ ಬಿರುಕು ಬಿಡೋವಾಗ ಆಗೋ ಚಿಕ್ಕ ಚಿಕ್ಕ ಸಿಡಿತಗಳನ್ನ ಹಿಡಿದು ಅವು ಎಲ್ಲಾದ್ವು ಅಂತ ಗುರುತು ಹಾಕೋದು ಇನ್ನೊಂದು, ಅದು ಮೈಕ್ರೋಸೀಸ್ಮಿಕ್. ಈ ಎರಡನೇದು ಕರ್ನಾಟಕಕ್ಕೆ ಹೊಸದೇನಲ್ಲ, ಕೆಜಿಎಫ್ ಗಣಿಯಲ್ಲಿ ರಾಕ್ ಬರ್ಸ್ಟ್ (ಬಂಡೆ ಒಮ್ಮೆಲೇ ಸಿಡಿಯೋದು) ಎಲ್ಲಾಯ್ತು ಅಂತ ತಿಳ್ಕೊಳ್ಳೋಕೆ ಜಿಯೋಫೋನ್ ಅನ್ನೋ ನೆಲದ ಕಂಪನ ಹಿಡಿಯೋ ಸೆನ್ಸರ್ ಇಟ್ಟು ಕೇಳ್ತಿದ್ರು. ಗೌರಿಬಿದನೂರಲ್ಲಿ 1960ರ ದಶಕದಲ್ಲೇ ಇಂಗ್ಲಿಷ್‌ನ ಎಲ್ ಅಕ್ಷರದ ಆಕಾರದಲ್ಲಿ ಸೀಸ್ಮೋಮೀಟರ್ ಸಾಲು ಹಾಕಿ ದೂರ ದೇಶದ ಅಣು ಪರೀಕ್ಷೆಗಳನ್ನ ಗಮನಿಸೋ ಕೆಲಸ ಶುರುವಾಗಿತ್ತು. ಸುಮ್ನೆ ಕೂತು ಕೇಳೋ ವಿದ್ಯೆ ಅಷ್ಟು ಹಳೇದು ನಮ್ಮಲ್ಲಿ.

ಎರಡರಿಂದ ನಾಲ್ಕು ಹರ್ಟ್ಜ್ ಮಾತಿಗೆ ಮರುಳಾಗ್ಬೇಡಿ

2000ದ ದಶಕದಲ್ಲಿ ಒಂದು ಮಾತು ಜೋರಾಗಿತ್ತು, ಎಣ್ಣೆ ಇರೋ ಜಾಗದ ಮೇಲೆ 2ರಿಂದ 4 ಹರ್ಟ್ಜ್‌ನಲ್ಲಿ ನೆಲದ ಕಂಪನ ಜಾಸ್ತಿ ಇರುತ್ತೆ, ಅದನ್ನ ಅಳೆದ್ರೆ ಸಾಕು ಎಣ್ಣೆ ಎಲ್ಲಿದೆ ಗೊತ್ತಾಗುತ್ತೆ ಅಂತ. ಈಗಲೂ ಯಾರಾದ್ರೂ ಪವರ್‌ಪಾಯಿಂಟ್ ತಗೊಂಡು ಬರ್ತಾರೆ. 2008ರಲ್ಲಿ ಹಾನ್ಸೆನ್ ಮತ್ತೆ ಬುಸಾಟ್ ಅನ್ನೋರು ಇಂಥ ಡೇಟಾನ ಕೂಲಂಕಷವಾಗಿ ನೋಡಿ, ಕಾಣ್ತಿರೋದು ಬಹುಪಾಲು ನೆಲದ ಮೇಲಿನ ಗದ್ದಲ ಅಂತ ಎಚ್ಚರಿಕೆ ಕೊಟ್ರು. ನೀವೇ ಲೆಕ್ಕ ಹಾಕಿ ನೋಡಿ. ಗಟ್ಟಿ ಬಂಡೆ ಮೇಲೆ 25 ಮೀಟರ್ ದಪ್ಪ ಸಡಿಲ ಮಣ್ಣಿದೆ, ಅದರಲ್ಲಿ ಶಿಯರ್ ಅಲೆ (ನೆಲನ ಅಡ್ಡಕ್ಕೆ ಅಲ್ಲಾಡಿಸ್ತಾ ಹೋಗೋ ಅಲೆ) ವೇಗ ಸೆಕೆಂಡಿಗೆ 300 ಮೀಟರ್ ಅಂತಿಟ್ಕೊಳಿ. ಆ ಪದರ ತನ್ನಷ್ಟಕ್ಕೆ ತಾನೇ ಅನುರಣನ ಆಗೋ ಆವರ್ತನ ಅಂದ್ರೆ ವೇಗನ ದಪ್ಪದ ನಾಲ್ಕು ಪಟ್ಟಿಂದ ಭಾಗಿಸೋದು, 300 ಭಾಗಿಸು 100, ಮೂರು ಹರ್ಟ್ಜ್. ಒಂದು ಹನಿ ಎಣ್ಣೆ ಇಲ್ಲದೆನೇ ಮೂರು ಹರ್ಟ್ಜ್ ಬಂತು. ಅದರ ಮೇಲೆ ಹಳೇ ಎಣ್ಣೆ ಫೀಲ್ಡ್ ಅಂದ್ರೆ ಪಂಪು, ಕಂಪ್ರೆಸರ್, ಟ್ಯಾಂಕರ್ ಓಡಾಟ ಎಲ್ಲ ಎಣ್ಣೆ ಇರೋ ಜಾಗದ ಮೇಲೇ ಇರ್ತವೆ, ಗದ್ದಲ ಅಲ್ಲೇ ಜಾಸ್ತಿ ಇರದೆ ಇನ್ನೆಲ್ಲಿರುತ್ತೆ? ಬೋರ್ ಕೊರೆಯೋದು ಕೋಟಿಗಟ್ಟಲೆ ದುಡ್ಡಿನ ಮಾತು, ಇದೊಂದನ್ನೇ ನಂಬ್ಕೊಂಡು ಜಾಗ ಗುರುತು ಹಾಕ್ಕೊಡೋದು ತಪ್ಪು ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ.

ಎಷ್ಟು ಸೆನ್ಸರ್, ಎಷ್ಟು ದೂರ

ಆಂಬಿಯಂಟ್ ನಾಯ್ಸ್‌ನಲ್ಲಿ ನಮಗೆ ಸಿಗೋದು ಮುಖ್ಯವಾಗಿ ಸರ್ಫೇಸ್ ವೇವ್, ಅಂದ್ರೆ ನೆಲದ ಮೇಲ್ಮೈ ಗುಂಟ ಹೋಗೋ ಅಲೆ. ಅದು ಎಷ್ಟು ಆಳದ ಸುದ್ದಿ ತರುತ್ತೆ ಅನ್ನೋದಕ್ಕೆ ಸುಲಭದ ಲೆಕ್ಕ, ಅಲೆಯ ಉದ್ದದಲ್ಲಿ ಮೂರನೇ ಒಂದು ಭಾಗ. ಒಂದು ಹರ್ಟ್ಜ್ ಅಲೆ ಸೆಕೆಂಡಿಗೆ 600 ಮೀಟರ್ ಹೋಗ್ತಿದ್ರೆ ಅಲೆಯುದ್ದ 600, ಆಳ ಸುಮಾರು 200 ಮೀಟರ್. ಅರ್ಧ ಹರ್ಟ್ಜ್‌ಗೆ ಇಳಿದು ವೇಗ 900 ಆಯ್ತು ಅಂದ್ರೆ ಅಲೆಯುದ್ದ 1800, ಆಳ 600. ಎರಡೂವರೆ ಕಿಲೋಮೀಟರ್ ಆಳದ ಸುದ್ದಿ ಬೇಕು ಅಂದ್ರೆ 0.2 ಹರ್ಟ್ಜ್‌ಗೆ ಹೋಗ್ಬೇಕಾಗುತ್ತೆ, ಅಲ್ಲಿ ಮಾಮೂಲಿ 10 ಹರ್ಟ್ಜ್ ಜಿಯೋಫೋನ್ ಕಿವಿ ಮಂದ, 5 ಹರ್ಟ್ಜ್‌ದು ಪರವಾಗಿಲ್ಲ, ತುಂಬಾ ಕಮ್ಮಿ ಆವರ್ತನನೂ ಹಿಡಿಯೋ ಬ್ರಾಡ್‌ಬ್ಯಾಂಡ್ ಸೀಸ್ಮೋಮೀಟರ್ ಇದ್ರೆ ಒಳ್ಳೇದು. ಆಮೇಲೆ ಎರಡು ಸೆನ್ಸರ್ ಮಧ್ಯದ ದೂರ ಕಮ್ಮಿ ಅಂದ್ರೂ ಒಂದು ಅಲೆಯುದ್ದ ಇರ್ಬೇಕು, ಮೂರು ಇದ್ರೆ ನೆಮ್ಮದಿ. ಅಂದ್ರೆ ಆಳಕ್ಕೆ ಹೋಗ್ಬೇಕು ಅಂದ್ರೆ ಹರವು ದೊಡ್ಡದಾಗಿರ್ಬೇಕು, ಸೂಕ್ಷ್ಮವಾಗಿ ಕಾಣ್ಬೇಕು ಅಂದ್ರೆ ಸೆನ್ಸರ್ ಒತ್ತೊತ್ತಾಗಿ ಇರ್ಬೇಕು. ಈ ಲೆಕ್ಕನ ಟೆಂಡರ್ ಹಾಕೋಕ್ ಮುಂಚೆ ಮಾಡಿ, ಫೀಲ್ಡಿಗೆ ಹೋದ್ಮೇಲೆ ಅಲ್ಲ.

ಇದಕ್ಕೆ ಒಳ್ಳೆ ಉದಾಹರಣೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್. 1921ರಲ್ಲಿ ಎಣ್ಣೆ ಸಿಕ್ಕ ಊರು, ಈಗ ಫೀಲ್ಡ್ ಮೇಲೇ ಪೂರ್ತಿ ನಗರ ಬೆಳೆದಿದೆ, ಅಡ್ಡಡ್ಡಕ್ಕೆ ನ್ಯೂಪೋರ್ಟ್-ಇಂಗಲ್‌ವುಡ್ ಫಾಲ್ಟ್ (ಬಂಡೆ ಮುರಿದು ಜರುಗಿರೋ ಬಿರುಕು) ಹಾದು ಹೋಗುತ್ತೆ. 2011ರಲ್ಲಿ ಅಲ್ಲಿ ಎಣ್ಣೆ ಕೆಲಸಕ್ಕೆ ಅಂತ ಸುಮಾರು 7 ಕಿಮೀ ಅಗಲ 10 ಕಿಮೀ ಉದ್ದದ ಜಾಗದಲ್ಲಿ ನೂರು ನೂರು ಮೀಟರಿಗೆ ಒಂದರಂತೆ 5,200ಕ್ಕೂ ಜಾಸ್ತಿ ಸೆನ್ಸರ್ ಇಟ್ರು, ಜನರ ಅಂಗಳ, ರಸ್ತೆ ಬದಿ ಎಲ್ಲ ಕಡೆ. ಸರ್ವೆ ಮಾಡಿದ್ದು ವೈಬ್ರೇಟರ್ ಲಾರಿಗೋಸ್ಕರ, ಆದ್ರೆ ಸೆನ್ಸರ್‌ಗಳು ಮಧ್ಯದ ಸಮಯದಲ್ಲೂ ನಿಲ್ಲಿಸದೆ ರೆಕಾರ್ಡ್ ಮಾಡ್ತಾ ಇದ್ವು. ಆ ಬಿಟ್ಟಿ ಸಿಕ್ಕ ಮೂರು ವಾರದ ಗದ್ದಲನೇ ತಗೊಂಡು ಜೋಡಿ ಜೋಡಿ ಹೋಲಿಸಿದ್ರು, ಒಂದು ಕೋಟಿ ಮೂವತ್ತೈದು ಲಕ್ಷ ಜೋಡಿ. ಮೇಲಿನ ಒಂದು ಕಿಲೋಮೀಟರ್ ಒಳಗಿನ ವೇಗದ ನಕ್ಷೆ ಬಂತು, ಫಾಲ್ಟ್ ಉದ್ದಕ್ಕೂ ಬಂಡೆ ಬೇರೆ ತರ ಇರೋದು ಸ್ಪಷ್ಟವಾಗಿ ಕಾಣ್ತು. ಅದೇ ಡೇಟಾದಲ್ಲಿ ಆಮೇಲೆ ಇನ್ನೊಬ್ಬರು ಮೆಟ್ರೋ ರೈಲು ಯಾವ ಸ್ಪೀಡಲ್ಲಿ ಹೋಗ್ತಿದೆ, ಏರ್‌ಪೋರ್ಟಿನಲ್ಲಿ ವಿಮಾನ ರನ್‌ವೇ ಮೇಲೆ ಹೆಂಗೆ ಓಡ್ತು ಅಂತ ಕೂಡ ಗುರುತಿಸಿದ್ರು. ನೆಲ ಎಷ್ಟೆಲ್ಲ ಹೇಳುತ್ತೆ ನೋಡಿ.

ಹೂಳೋದು

ಇಲ್ಲಿ ಅವಸರ ಮಾಡಿದ್ರೆ ಮುಂದೆ ಯಾವ ಸಾಫ್ಟ್‌ವೇರೂ ಕಾಪಾಡಲ್ಲ. ಈಗಿನ ಸೆನ್ಸರ್‌ಗಳಿಗೆ ನೋಡ್ ಅಂತಾರೆ, ಪುಟ್ಟ ಡಬ್ಬಿ ಗಾತ್ರ, ಒಳಗೇ ಬ್ಯಾಟರಿ, ಜಿಪಿಎಸ್, ಮೆಮೊರಿ, ಕೆಳಗೊಂದು ಚೂಪಾದ ಮೊಳೆ. ಸೈಟಿಗೆ ಹೊರಡೋಕ್ ಮುಂಚೆ ಕ್ಯಾಂಪಿನ ಹಿಂದೆ ಎಲ್ಲ ನೋಡ್‌ಗಳನ್ನ ಒಂದೇ ಕಡೆ ಪಕ್ಕಪಕ್ಕ ನಿಲ್ಲಿಸಿ ಒಂದು ರಾತ್ರಿ ಪೂರ್ತಿ ರೆಕಾರ್ಡ್ ಮಾಡಿ, ಇದಕ್ಕೆ ಹಡಲ್ ಟೆಸ್ಟ್ ಅಂತಾರೆ. ಎಲ್ಲದರಲ್ಲೂ ಒಂದೇ ತರ ಬರ್ಬೇಕು. ಬರದೇ ಇರೋದನ್ನ ಪಕ್ಕಕ್ಕಿಡಿ, ಟೇಪ್ ಹಚ್ಚಿ ನಂಬರ್ ಬರೀರಿ.

ಗುಂಡಿ ಒಂದೂವರೆ ಗೇಣು ಆಳ ಇರ್ಲಿ. ಮೇಲಿನ ಪುಡಿ ಮಣ್ಣು ತೆಗೆದು ಗಟ್ಟಿ ಮಣ್ಣು ಸಿಗೋ ತನಕ ಹೋಗಿ, ತಳ ಅಂಗೈಯಿಂದ ಸಮ ಮಾಡಿ, ನೋಡ್‌ನ ನೇರವಾಗಿ ಒತ್ತಿ, ಅದರ ಮೇಲಿನ ನೀರುಗುಳ್ಳೆ ಮಧ್ಯಕ್ಕೆ ಬಂತಾ ನೋಡಿ, ಉತ್ತರದ ಬಾಣ ಉತ್ತರಕ್ಕೇ ಇದೆಯಾ ದಿಕ್ಸೂಚಿ ಹಿಡಿದು ನೋಡಿ, ದಿಕ್ಸೂಚಿ ನೋಡೋವಾಗ ಸಲಿಕೆ ಹಾರೆ ದೂರ ಇಡಿ, ಕಬ್ಬಿಣಕ್ಕೆ ಮುಳ್ಳು ತಿರುಗುತ್ತೆ. ಆಮೇಲೆ ಸುತ್ತಲೂ ಮಣ್ಣು ತುಂಬಿ ಕೈಯಲ್ಲೇ ಅದುಮಿ, ಕಾಲಲ್ಲಿ ತುಳೀಬೇಡಿ ವಾಲುತ್ತೆ. ಕೈಯಿಂದ ಡಬ್ಬಿ ಅಲ್ಲಾಡಿಸಿದ್ರೆ ಅದರ ಜೊತೆ ಮಣ್ಣೂ ಅಲ್ಲಾಡ್ಬೇಕು, ಡಬ್ಬಿ ಮಾತ್ರ ಅಲ್ಲಾಡಿದ್ರೆ ಕಿತ್ತು ಮತ್ತೆ ಹೂಳಿ. ಎರೆ ಭೂಮಿಯಲ್ಲಿ ಬೇಸಿಗೆಯಲ್ಲಿ ಮಣ್ಣು ಬಿರುಕು ಬಿಡುತ್ತೆ, ಬಿರುಕಿನ ಪಕ್ಕ ಇಟ್ಟ ನೋಡ್ ನಾಲ್ಕೇ ದಿನಕ್ಕೆ ಗಾಳೀಲಿ ನಿಂತ ಹಾಗೆ ಆಗುತ್ತೆ, ಅಲ್ಲಿ ಇನ್ನೂ ಆಳ ಹೋಗಿ. ಮರದಿಂದ ದೂರ ಇರಿ, ಗಾಳಿಗೆ ಬೇರು ಎಳೆಯುತ್ತೆ, ಮೇಲೆ ಕೊಂಬೆ ಅಡ್ಡ ಬಂದು ಜಿಪಿಎಸ್ ಕೂಡ ಕಳ್ಕೊಳ್ಳುತ್ತೆ. ಪಂಪ್‌ಸೆಟ್ ಇರೋ ಹೊಲ ಆದ್ರೆ ತ್ರೀ ಫೇಸ್ ಕರೆಂಟ್ ಎಷ್ಟೊತ್ತಿಗೆ ಬರುತ್ತೆ ಅಂತ ರೈತರನ್ನ ಕೇಳಿ ಬರ್ಕೊಳಿ, ಸಬ್‌ಮರ್ಸಿಬಲ್ ಮೋಟರ್ ಓಡ್ತಿದ್ರೆ 50 ಹರ್ಟ್ಜ್‌ಗಿಂತ ಸ್ವಲ್ಪ ಕೆಳಗೆ ಒಂದು ನೇರ ಗೆರೆ ಬರುತ್ತೆ, ಆ ಟೈಮಿಂಗ್ ಗೊತ್ತಿದ್ರೆ ಮುಂದೆ ತಲೆ ಕೆಡಿಸ್ಕೊಳ್ಳೋದು ತಪ್ಪುತ್ತೆ.

ಹೊಲದವರ ಹತ್ರ ಮಾತಾಡೋದನ್ನ ಯಾವತ್ತೂ ಜೂನಿಯರ್ ಮೇಲೆ ಹಾಕ್ಬೇಡಿ, ನೀವೇ ಹೋಗಿ. ಎಣ್ಣೆ ಅಂದ ತಕ್ಷಣ ಜಮೀನು ಹೋಗುತ್ತೆ ಅನ್ನೋ ಭಯ ಅವರಿಗೆ, ಅದು ನ್ಯಾಯವಾದ ಭಯನೇ. ನೋಡ್‌ನ ಅವರ ಕೈಗೇ ಕೊಡಿ, ಇದು ಕೇಳಿಸ್ಕೊಳ್ಳುತ್ತೆ ಅಷ್ಟೆ ಯಜಮಾನ್ರೆ, ಇಷ್ಟು ದಿನ ಇರುತ್ತೆ, ಈ ತಾರೀಕು ನಾವೇ ಬಂದು ತಗೊಂಡು ಗುಂಡಿ ಮುಚ್ತೀವಿ ಅಂತ ಹೇಳಿ, ಆ ತಾರೀಕಿಗೆ ಹೋಗಿ.

ಗದ್ದಲದಿಂದ ಸಿಗ್ನಲ್ ತೆಗೆಯೋದು

ತೇರು ಎಳೆಯೋ ಬೀದಿಯಲ್ಲಿ ಇಬ್ಬರು ದೂರ ದೂರ ನಿಂತಿದ್ದಾರೆ ಅಂದ್ಕೊಳಿ. ಡೊಳ್ಳು, ಜನರ ಕೂಗು, ಪಟಾಕಿ ಎಲ್ಲ ಕಲಸಿ ಬರ್ತಿದೆ. ಆದ್ರೆ ಬೀದಿಯ ಆ ತುದಿಯಿಂದ ಬರೋ ಪ್ರತಿ ಸದ್ದೂ ಮೊದಲು ಒಬ್ಬರಿಗೆ, ಚೂರು ಹೊತ್ತಾದ್ಮೇಲೆ ಇನ್ನೊಬ್ಬರಿಗೆ ಕೇಳುತ್ತೆ. ಇಬ್ಬರ ರೆಕಾರ್ಡಿಂಗನ್ನೂ ಒಂದರ ಮೇಲೊಂದು ಜಾರಿಸ್ತಾ ಹೋದ್ರೆ ಯಾವ ಹಂತದಲ್ಲಿ ಚೆನ್ನಾಗಿ ಕೂರುತ್ತೋ ಅದೇ ಅವರಿಬ್ಬರ ಮಧ್ಯೆ ಸದ್ದು ಓಡೋಕೆ ಬೇಕಾದ ಸಮಯ. ಕ್ರಾಸ್ ಕೋರಿಲೇಷನ್ ಅಂದ್ರೆ ಇಷ್ಟೇ. ಒಂದೊಂದು ಗಂಟೆ ತುಂಡು ಮಾಡಿ, ಪ್ರತಿ ತುಂಡಿನಿಂದ ಅದರ ಸರಾಸರಿನ ಕಳೆದು, ಭೂಕಂಪ ಲಾರಿ ಇಂಥ ಜೋರು ಸದ್ದುಗಳ ಬಲ ತಗ್ಗಿಸಿ, ಎಲ್ಲ ಆವರ್ತನಗಳನ್ನೂ ಸಮ ಮಾಡಿ, ಕೋರಿಲೇಟ್ ಮಾಡಿ, ಎಲ್ಲ ಗಂಟೆಗಳದ್ದೂ ಕೂಡಿಸ್ತಾ ಹೋಗಿ. ಪೈಥಾನ್ ಬರೋರಿಗೆ ಆಬ್ಸ್‌ಪೈ, ಎಂಎಸ್‌ನಾಯ್ಸ್ ಎರಡೂ ಫ್ರೀಯಾಗಿ ಸಿಗುತ್ತೆ, ಡಿಸ್ಪರ್ಶನ್ ಕೆಲಸಕ್ಕೆ, ಅಂದ್ರೆ ಯಾವ ಆವರ್ತನದ ಅಲೆ ಎಷ್ಟು ವೇಗದಲ್ಲಿ ಹೋಗುತ್ತೆ ಅಂತ ನೋಡೋಕೆ, ಜಿಯಾಪ್ಸಿ ಇದೆ, ದುಬಾರಿ ಸಾಫ್ಟ್‌ವೇರ್ ಇಲ್ಲ ಅಂತ ಕೂರ್ಬೇಡಿ.

ಸಿಕ್ಕ ಫಲಿತಾಂಶನ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡಿ. ಸೊನ್ನೆ ಸಮಯದ ಎಡಕ್ಕೆ ಬಲಕ್ಕೆ ಎರಡೂ ಕಡೆ ಅಲೆ ಬರ್ಬೇಕು, ಸಮುದ್ರ ಒಂದೇ ದಿಕ್ಕಿಗಿದ್ರೆ ಒಂದು ಕಡೆ ಜೋರಾಗಿ ಇನ್ನೊಂದು ಕಡೆ ಸಣ್ಣದಾಗಿ ಬರುತ್ತೆ, ಅದು ಸರಿ. ಆದ್ರೆ ಎರಡು ಕಡೆ ಸಮಯನೇ ಬೇರೆ ಬೇರೆ ಇದ್ರೆ ಯಾವುದೋ ನೋಡ್‌ನ ಗಡಿಯಾರ ತಪ್ಪಿದೆಯಾ ಅಂತ ಮೊದಲು ನೋಡಿ. ಒಂದು ಪ್ರಾಜೆಕ್ಟ್‌ನಲ್ಲಿ ನಕ್ಷೆ ಮಧ್ಯೆ ದುಂಡಗೆ ಒಂದು ವಿಚಿತ್ರ ಕಲೆ ಬಂತು, ಎರಡು ವಾರ ನಾವೆಲ್ಲ ಅದನ್ನ ಭೂರಚನೆ ಅಂತಲೇ ನಂಬಿ ಚರ್ಚೆ ಮಾಡಿದ್ವಿ. ಕೊನೆಗೆ ದೂರದ ದೊಡ್ಡ ಭೂಕಂಪದ ರೆಕಾರ್ಡ್ ತೆಗೆದು ನೋಡಿದ್ರೆ, ಅದರ ಮೊದಲ ಅಲೆ ಕೆಳಗಿಂದ ಬಂದು ಎಲ್ಲ ನೋಡ್‌ನೂ ಒಟ್ಟಿಗೆ ಮೇಲಕ್ಕೆ ಎತ್ತಿದೆ, ಆ ಒಂದು ನೋಡ್ ಮಾತ್ರ ಕೆಳಕ್ಕೆ ಹೋಗಿದೆ. ಒಳಗೆ ವೈರ್ ಉಲ್ಟಾ. ಅವತ್ತಿಂದ ಪ್ರತಿ ಸರ್ವೆಯಲ್ಲೂ ನಾನು ಮೊದಲು ಮಾಡೋ ಕೆಲಸ ಅಂದ್ರೆ ರೆಕಾರ್ಡ್ ಆದ ದಿನಗಳಲ್ಲಿ ಜಗತ್ತಿನಲ್ಲಿ ದೊಡ್ಡ ಭೂಕಂಪ ಆಗಿದ್ಯಾ ನೋಡಿ ಅದನ್ನ ಎಲ್ಲ ನೋಡ್‌ನಲ್ಲೂ ಸಾಲಾಗಿ ಜೋಡಿಸೋದು.

ಇನ್ನೊಂದು ಪರೀಕ್ಷೆ, ಡೇಟಾನ ಹಗಲು ರಾತ್ರಿ ಬೇರೆ, ಭಾನುವಾರ ಬೇರೆ ವಾರದ ದಿನ ಬೇರೆ ಅಂತ ಒಡೆದು ಎರಡು ಸಲ ನಕ್ಷೆ ಮಾಡಿ. ನೆಲದಡಿ ಬಂಡೆಗೆ ಭಾನುವಾರ ರಜೆ ಇಲ್ಲ. ಕಲೆ ಭಾನುವಾರ ಮಾಯ ಆದ್ರೆ ಅದು ಟ್ರಾಫಿಕ್. 2020ರ ಲಾಕ್‌ಡೌನ್‌ನಲ್ಲಿ ಜಗತ್ತಿನ ಎಷ್ಟೋ ಸ್ಟೇಷನ್‌ಗಳಲ್ಲಿ ಜನರ ಗದ್ದಲ ಅರ್ಧದಷ್ಟು ಇಳಿದಿದ್ದು ಸೀಸ್ಮೋಮೀಟರ್‌ನಲ್ಲಿ ಕಂಡಿತ್ತು.

ಎಣ್ಣೆ ಫೀಲ್ಡ್ ಮೇಲೆ ನಿಗಾ ಇಡೋದು

ಹುಡುಕೋದಕ್ಕಿಂತ ನಿಗಾ ಇಡೋದ್ರಲ್ಲೇ ಪ್ಯಾಸಿವ್ ವಿಧಾನಕ್ಕೆ ನಿಜವಾದ ಬಲ ಇರೋದು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಸೆನ್ಸರ್ ಅಲ್ಲೇ ಬಿಟ್ಟುಬಿಡ್ಬಹುದು, ಪ್ರತಿ ಸಲ ಲಾರಿ ತರ್ಬೇಕಿಲ್ಲ. ನಾರ್ವೆಯ ವಾಲ್‌ಹಾಲ್ ಫೀಲ್ಡ್‌ನಲ್ಲಿ 2003ರಲ್ಲೇ ಸಮುದ್ರದ ತಳದಲ್ಲಿ ಖಾಯಂ ಕೇಬಲ್ ಹಾಕಿದ್ರು, ಎರಡು ಸಾವಿರಕ್ಕೂ ಮಿಕ್ಕಿ ಸೆನ್ಸರ್. ಅಲ್ಲಿ ಎಣ್ಣೆ ಇರೋದು ಮೆತ್ತಗಿನ ಸೀಮೆಸುಣ್ಣದಂಥ ಕಲ್ಲಲ್ಲಿ, ಎಣ್ಣೆ ತೆಗೆದ ಹಾಗೆ ಕಲ್ಲು ಕುಗ್ಗಿ ಸಮುದ್ರದ ತಳನೇ ಕುಸೀತಾ ಬಂದಿದೆ. ಬರೀ ಆರೂವರೆ ಗಂಟೆ ಗದ್ದಲದಿಂದ ತಳದ ಕೆಳಗಿನ ಹಳೇ ನದಿ ಪಾತ್ರಗಳು ಕೂಡ ಕಂಡವು, 2004ರ ಡೇಟಾ 2010ರ ಡೇಟಾ ಹೋಲಿಸಿದಾಗ ಮೇಲಿನ ಪದರಗಳಲ್ಲಿ ವೇಗ ಬದಲಾಗಿರೋದೂ ಗೊತ್ತಾಯ್ತು.

ನಿಮಗೆ ಬದಲಾವಣೆ ಅಳೀಬೇಕು ಅಂದ್ರೆ ಕೋರಿಲೇಷನ್‌ನ ಮೊದಲ ಅಲೆ ಬಿಟ್ಟು ಬಾಲ ನೋಡಿ, ಅಂದ್ರೆ ಸುತ್ತಾಡಿ ತಡವಾಗಿ ಬರೋ ಭಾಗ. ವೇಗ ಶೇಕಡಾ 0.1 ಇಳಿದಿದ್ರೆ 20ನೇ ಸೆಕೆಂಡಿಗೆ ಬರ್ಬೇಕಾದ ಅಲೆ 20 ಮಿಲಿಸೆಕೆಂಡ್ ತಡ ಆಗುತ್ತೆ, ಅದು ಆರಾಮಾಗಿ ಅಳೆಯೋ ಅಷ್ಟಿದೆ. ತೊಂದರೆ ಏನಂದ್ರೆ ಮಳೆ ಬಂದು ಅಂತರ್ಜಲ ಏರಿದ್ರೂ ಇದೇ ತರ ಬದಲಾವಣೆ ಕಾಣುತ್ತೆ. ಅದಕ್ಕೇ ಇಂಜೆಕ್ಷನ್ (ಬಾವಿ ಮೂಲಕ ಬಂಡೆಗೆ ನೀರು ಅಥವಾ ಗ್ಯಾಸ್ ತುಂಬೋದು) ಶುರು ಮಾಡೋಕ್ ಮುಂಚೆ ಒಂದು ಪೂರ್ತಿ ವರ್ಷ, ಒಂದು ಮಳೆಗಾಲ ಒಂದು ಬೇಸಿಗೆ, ಬೇಸ್‌ಲೈನ್ ತಗೊಳಿ, ಪಕ್ಕದ ಬಾವಿಯ ನೀರಿನ ಮಟ್ಟನೂ ಬರೆದಿಡಿ. ಮ್ಯಾನೇಜ್‌ಮೆಂಟ್ ಒಪ್ಪಲ್ಲ, ಒಪ್ಪಿಸಿ.

ಮೈಕ್ರೋಸೀಸ್ಮಿಕ್‌ಗೆ ಸೆನ್ಸರ್ ಬಂಡೆ ಹತ್ರಕ್ಕೆ, ಬೋರ್ ಒಳಗೆ ಇಳಿಸೋದೇ ಒಳ್ಳೇದು, ಮೈನಸ್ ಎರಡು ಮ್ಯಾಗ್ನಿಟ್ಯೂಡ್ ಸಿಡಿತ ಅಂದ್ರೆ ನೆಲದ ಮೇಲೆ ತಲುಪೋ ಹೊತ್ತಿಗೆ ಏನೂ ಉಳಿದಿರಲ್ಲ. ದೂರದ ಲೆಕ್ಕ ಸುಲಭ. ಮೊದಲು ಬರೋ ಪಿ ಅಲೆ ಸೆಕೆಂಡಿಗೆ 4000 ಮೀಟರ್, ಹಿಂದಿನಿಂದ ಬರೋ ಎಸ್ ಅಲೆ (ಮೇಲೆ ಹೇಳಿದ ಶಿಯರ್ ಅಲೆ) 2300 ಅಂತಿಟ್ಕೊಳಿ, ಎರಡರ ಗುಣಲಬ್ಧನ ವ್ಯತ್ಯಾಸದಿಂದ ಭಾಗಿಸಿದ್ರೆ ಸುಮಾರು 5400. ಎರಡೂ ಅಲೆ ಬಂದ ಅಂತರ 0.1 ಸೆಕೆಂಡ್ ಇದ್ರೆ ಸಿಡಿತ ಆಗಿದ್ದು 540 ಮೀಟರ್ ದೂರದಲ್ಲಿ. ಆದ್ರೆ ವೇಗನೇ ತಪ್ಪಿದ್ರೆ ಎಲ್ಲ ತಪ್ಪು, ಅದಕ್ಕೆ ಬಾವಿಯ ಪೈಪಿಗೆ ತೂತು ಹೊಡೆಯೋ ಪರ್ಫೊರೇಷನ್ ಶಾಟ್ ಇರುತ್ತಲ್ಲ, ಅದರ ಜಾಗ ನಮಗೆ ಮೊದಲೇ ಗೊತ್ತು, ಅದನ್ನ ರೆಕಾರ್ಡ್ ಮಾಡಿ ನಿಮ್ಮ ಲೆಕ್ಕ ಅದೇ ಜಾಗ ತೋರ್ಸೋ ತನಕ ಮಾಡೆಲ್ ಸರಿ ಮಾಡಿ.

ಗ್ರಾವಿಟಿಯಲ್ಲೂ ನಿಗಾ ಇಡ್ತಾರೆ, ಅಲಾಸ್ಕಾದ ಪ್ರೂಡೋ ಬೇನಲ್ಲಿ ಗ್ಯಾಸ್ ಇದ್ದ ಜಾಗಕ್ಕೆ ನೀರು ತುಂಬೋವಾಗ ನೀರು ಎಲ್ಲಿ ತನಕ ಬಂತು ಅಂತ ಹೀಗೇ ನೋಡಿದ್ರು. ಇದರಲ್ಲಿ ಎತ್ತರದ ಬಗ್ಗೆ ಜೋಪಾನ, ಗ್ರಾವಿಟಿ ಅಳೆಯೋ ಉಪಕರಣ ಒಂದು ಸೆಂಟಿಮೀಟರ್ ಮೇಲೆ ಕೆಳಗೆ ಆದ್ರೆ ಸುಮಾರು ಮೂರು ಮೈಕ್ರೋಗ್ಯಾಲ್ (ಗುರುತ್ವದ ತೀರಾ ಸಣ್ಣ ಅಳತೆ) ವ್ಯತ್ಯಾಸ ಬರುತ್ತೆ, ನಾವು ಹುಡುಕ್ತಿರೋ ಬದಲಾವಣೆನೇ ಕೆಲವು ಸಲ ಅಷ್ಟಿರುತ್ತೆ. ಕಾಂಕ್ರೀಟ್ ಕಂಬ ಹಾಕಿ ಪ್ರತಿ ಸಲ ಅದರ ಮೇಲೇ ಇಡಿ, ಚಂದ್ರ ಸೂರ್ಯರ ಸೆಳೆತದ ತಿದ್ದುಪಡಿ ಮರೀಬೇಡಿ.

ಊರ ಕಡೆ ಇದ್ದೇ ಈ ಕೆಲಸ ಕಲೀಬೇಕು ಅನ್ನೋರಿಗೆ ಒಂದು ಮಾತು. ಉಡುಪಿ ಜಿಲ್ಲೆಯ ಪಾದೂರಲ್ಲಿ 25 ಲಕ್ಷ ಟನ್, ಮಂಗಳೂರಲ್ಲಿ 15 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಯೋ ಗುಹೆಗಳನ್ನ ಗಟ್ಟಿ ಬಂಡೆಯಲ್ಲಿ ಕೊರೆದಿದ್ದಾರೆ, ಸುತ್ತಲಿನ ಅಂತರ್ಜಲದ ಒತ್ತಡನೇ ಎಣ್ಣೆ ಆಚೆ ಹೋಗದ ಹಾಗೆ ತಡೀತಿರುತ್ತೆ. ಕೆಜಿಎಫ್‌ನಲ್ಲಿ ಶುರುವಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಎನ್‌ಐಆರ್‌ಎಂನವರು ವಿಶಾಖಪಟ್ಟಣದ ಇಂಥದ್ದೇ ಗುಹೆಯಲ್ಲಿ ಮೈಕ್ರೋಸೀಸ್ಮಿಕ್ ಸೆನ್ಸರ್ ಇಟ್ಟು ಬಂಡೆಯ ಸಿಡಿತ ಗಮನಿಸಿದ್ದಾರೆ. ಗಣಿಯಲ್ಲಿ ಕಲಿತ ಕೆಲಸ ಎಣ್ಣೆಗೂ ಬಂತು. ಇಂಟರ್ನ್‌ಶಿಪ್ ಕೇಳೋಕೆ ಹೋದ್ರೆ ಬರೀ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗ್ಬೇಡಿ. ರಾಸ್ಪ್‌ಬೆರಿ ಶೇಕ್ ತರದ್ದು ಒಂದು ಸಣ್ಣ ಸೀಸ್ಮೋಮೀಟರ್ ಕಾಲೇಜಿನಿಂದ ತರಿಸಿ ನೆಲಮಾಳಿಗೆಯಲ್ಲಿ ಒಂದು ತಿಂಗಳು ಇಡಿ, ಬಸ್ ಬರೋ ಟೈಮು, ಮೋಟರ್ ಹಾಕೋ ಟೈಮು, ಮಳೆ ಬಂದ ರಾತ್ರಿ, ಎಲ್ಲೋ ದೂರದಲ್ಲಿ ಭೂಕಂಪ ಆದ ದಿನ, ಒಂದೊಂದನ್ನೂ ಗುರುತಿಸಿ ಡೈರಿಯಲ್ಲಿ ಬರೀರಿ, ಆ ಡೈರಿ ತಗೊಂಡು ಹೋಗಿ.